ಕ್ರಿಸ್ತಪ್ಪನ ಹೆಗಲಿನ ಹೆಚ್ಚಿನ ಎಲುಬು

ಬೀದರಿನ ಮೈಲೂರಿನ ನಮ್ಮ ಓಣಿಯಲ್ಲಿ ಕ್ರಿಸ್ತಪ್ಪನಿಗೆ ಬೆಳಿಗ್ಗೆ ಯಾರೂ "ಅರಾಮ್ ಇದ್ದೀರಿ?" ಎಂದು ಕೇಳುವುದಿಲ್ಲ. ಕೇಳಿದರೆ ಆತ ನಡಿಗೆ ನಿಲ್ಲಿಸಿ, ಕನ್ನಡಕ ಮೇಲೇರಿಸಿ, "ಯಾಕ ಕೇಳ್ಲತ್ತೀರಿ? ನನಗೇನರೆ ಆಗ್ಯಾದಂತ ಯಾರರೆ ಅಂದಾರೇನ್ರಿ?" ಎಂದು ವಿಚಾರಣೆ ಶುರು ಮಾಡುತ್ತಾನೆ. ಕೇಳಿದ ಪಾಪದವನು ಅಂದು ಕಚೇರಿಗೆ ಅರ್ಧ ದಿನದ ರಜೆ ಹಾಕಬೇಕಾಗುತ್ತದೆ.

ಹಾಲು ಬಂದಾಗ ಆತ ಅದರಲ್ಲಿ ಬೆರಳದ್ದಿ, ಮೂಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಈ ಅವಮಾನ ತಾಳಲಾರದೆ ಒಂದು ಸಲ ಎಮ್ಮೆಯೇ ಖುದ್ದಾಗಿ ಬಂದು ಆಣೆ ಮಾಡಿ ಹೋಯಿತೆಂದು ಓಣಿಯಲ್ಲಿ ಹೇಳುತ್ತಾರೆ. ನಾನು ಎಮ್ಮೆಯನ್ನು ಕಂಡಿಲ್ಲ, ಸುಳ್ಳು ಹೇಳಬಾರದು; ಅವರ ಬಾಗಿಲಲ್ಲಿ ಸೆಗಣಿ ಬಿದ್ದದ್ದನ್ನು ಮಾತ್ರ ಕಂಡಿದ್ದೇನೆ.

ಇಂಥವನಿಗೆ ದೇವರು ಕೊಟ್ಟ ಕೆಲಸವೂ ಸರಿಯಾದದ್ದೇ. ಊರ ಹೊರಗಿನ ಕೊಳಾರದ ಪೈಪು ಕಾರ್ಖಾನೆಯೊಂದರಲ್ಲಿ ಗೇಟಿನ ಕಾವಲು. ಪಾಳಿ ಮುಗಿಸಿ ಹೊರಟ ಆಳುಗಳ ಮೈದಡವಿ ನೋಡಬೇಕು, ಲಾರಿ ಹತ್ತಿ ಇಳಿದು ನೋಡಬೇಕು. ಕ್ರಿಸ್ತಪ್ಪ ಊಟದ ಡಬ್ಬಿ ತೆಗೆಸಿ, ಉಪ್ಪಿನಕಾಯಿ ಹೋಳನ್ನು ಚಮಚದಿಂದ ಎಬ್ಬಿಸಿ ಅದರ ಕೆಳಗೂ ನೋಡುತ್ತಿದ್ದ. ಆ ಕಾರ್ಖಾನೆಯಲ್ಲಿ ತಯಾರಾಗುವುದು ಆಳೆತ್ತರದ ಪೈಪುಗಳು. ಅವು ಉಪ್ಪಿನಕಾಯಿಯ ಕೆಳಗೆ ಹೇಗೆ ಹಿಡಿಸುತ್ತವೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಕೇಳಿದವನ ಮೇಲೆಯೇ ಶಕ್.

ಅವನ ಹೆಗಲಿಗೆ ಪೆಟ್ಟು ಬಿದ್ದದ್ದೂ ಈ ಗುಣದಿಂದಲೇ. ಒಂದು ಮಧ್ಯಾಹ್ನ ಹೊರಗೆ ಹೊರಟ ಖಾಲಿ ಲಾರಿಯ ಮೇಲಿನ ತಾಡಪತ್ರಿ ಮೆಲ್ಲಗೆ ಏರಿಳಿಯುವುದನ್ನು ಕಂಡ. ಖಾಲಿ ಲಾರಿ ಉಸಿರಾಡುವುದೆಂದರೇನು? ಹಿಂದಿನಿಂದ ಹತ್ತಿ ತಾಡಪತ್ರಿ ಎತ್ತಿದ. ಕೆಳಗೆ ಮಲಗಿದ್ದ ಕ್ಲೀನರ್ ಬೆಚ್ಚಿ ಎದ್ದು ಕೂತ. ಅವನನ್ನು ಕಂಡು ಕ್ರಿಸ್ತಪ್ಪ ಬೆಚ್ಚಿದ, ಹಿಂದಕ್ಕೆ ಸರಿದ, ಬಿದ್ದ. ಬೀಳುವಾಗ ಬಲ ಹೆಗಲು ಲಾರಿಯ ಹಿಂದಿನ ಹಲಗೆಗೆ ಬಡಿಯಿತು. ಆ ಸದ್ದಿಗೆ ಹರದಾರಿಗಟ್ಟಲೆ ದೂರದ ಚಿಟಗುಪ್ಪಾದಲ್ಲಿ ಮಲಗಿದ್ದ ನಾಯಿಗಳು ಎದ್ದವು ಎಂದು ಕ್ಲೀನರ್ ಹೇಳುತ್ತಾನೆ.

ಬೀದರಿನಲ್ಲಿ ಎಲುಬಿನ ಡಾಕ್ಟರು ರುಖ್ಸಾರ ಎಂಬವರು ಇದ್ದಾರೆ. ವಯಸ್ಸು ಸಣ್ಣದು, ಮಾತು ಕಡಿಮೆ. ಅವರು ಎಕ್ಸ್‌ರೇ ತೆಗೆಸಿ ನೋಡಿದರು. ಎಲುಬು ಮುರಿದಿರಲಿಲ್ಲ.

"ಕಾಕಾ, ಒಳಗ ಮಾಂಸಕ್ಕ ಪೆಟ್ಟಾಗ್ಯಾದ. ಕೈ ಕೊರಳಿಗಿ ಕಟಗೊಂಡು ಸುಮ್ನ ಇರ್ರಿ. ಬರ್ಫ್ ಇಡ್ರಿ. ಯಾರ ಕಡಿಂದನೂ ತಿಕ್ಕಿಸಬ್ಯಾಡ್ರಿ. ಮಾಲಿಶ್ ಅಂತೂ ಬ್ಯಾಡೇ ಬ್ಯಾಡ."

"ಸೂಜಿ?"

"ಬ್ಯಾಡ್ರಿ."

"ಟಾನಿಕ್?"

"ಅದೂ ಬ್ಯಾಡ."

ಸೂಜಿ ಚುಚ್ಚದ ಡಾಕ್ಟರು, ಟಾನಿಕ್ ಬರೆಯದ ಡಾಕ್ಟರು! ಕ್ರಿಸ್ತಪ್ಪನ ಮನಸ್ಸಿನ ಗೇಟು ಅಲ್ಲಿಯೇ ಮುಚ್ಚಿತು. ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡ. ಅದೂ ಅಲ್ಲದೆ, ನಮ್ಮ ಬೀದರ ಸೀಮೆಯಲ್ಲಿ ಬಿದ್ದವನು ಮಾಲಿಶ್ ಮಾಡಿಸದೆ ಇರುವುದುಂಟೇ? ಒಂದೊಂದು ಮನೆತನಕ್ಕೆ ಒಂದೊಂದು ಮಾಲಿಶಿನ ಕೈ ಗೊತ್ತಿರುತ್ತದೆ. ಮಗು ತೊಟ್ಟಿಲಿಂದ ಜಾರಿದರೂ ಎಣ್ಣೆ, ಮುದುಕ ಅಟ್ಟದಿಂದ ಬಿದ್ದರೂ ಎಣ್ಣೆ.

ಹೀಗಾಗಿ ಕ್ರಿಸ್ತಪ್ಪ ಕೊರಳಿಗೆ ಕಟ್ಟಿದ ಕೈಯನ್ನು ಬಿಚ್ಚಿಕೊಂಡು, ಹಳೆಯ ಶಹರದಲ್ಲಿ ಒಂದು ಕಾಲಕ್ಕೆ ಕುಸ್ತಿ ಹಿಡಿಯುತ್ತಿದ್ದ ಸಲಾವೋದ್ದೀನ ಪೈಲ್ವಾನನ ಹತ್ತಿರ ಹೋದ. ಮನೆಯಲ್ಲಿ ಹೆಂಡತಿ ಹೆಲೆನಳಿಗೆ ಹೇಳಿದ್ದು ಕಾರ್ಖಾನೆಯ ಹೆಚ್ಚಿನ ಕೆಲಸ ಎಂದು. ಹೆಲೆನ ಸರಕಾರಿ ಸಾಲೆಯ ಟೀಚರು. ಡಾಕ್ಟರ ಮಾತೆಂದರೆ ಆಕೆಗೆ ಕಪ್ಪು ಹಲಗೆಯ ಮೇಲೆ ಬರೆದ ಹಾಗೆ. ಮಾಲಿಶ್ ಎಂದರೆ ಬಿಡುವವಳಲ್ಲ.

ಪೈಲ್ವಾನ ಕರ್ಪೂರದ ಎಣ್ಣೆ ಹಚ್ಚಿ ತಿಕ್ಕಿದ. "ಭಾಯಿ, ನರ ನರದ ಮ್ಯಾಲ ಕುಂತಾದ. ಇಳಸ್ತೀನಿ ನೋಡ್ರಿ" ಎಂದು ಮೊಣಕೈಯನ್ನು ಹೆಗಲಿಗೆ ಊರಿ ಒತ್ತಿದ. ಕ್ರಿಸ್ತಪ್ಪನಿಗೆ ಬೀದರ ಕೋಟೆಯ ಬುರುಜುಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಸುತ್ತಿದವು. ಮರುದಿನ ನೋವು ಹೆಚ್ಚಾಯಿತು. ಆಗ ಅವನಿಗೆ ಒಂದು ಸಂಗತಿ ನೆನಪಾಯಿತು. ಪೈಲ್ವಾನನ ಅಳಿಯ ಅದೇ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಅವನ ಬೂಟು ಬಿಚ್ಚಿಸಿ ನೋಡಿದ್ದು ತಾನೇ. ಮಾವ ಸೇಡು ತೀರಿಸಿಕೊಳ್ಳುತ್ತಿದ್ದಾನೆ!

ಪೈಲ್ವಾನನ ಕೆಲಸವನ್ನು ತಪಾಸಣೆ ಮಾಡಿಸಲು ಭಾಲ್ಕಿಗೆ ಹೋದ. ಅಲ್ಲಿ ಅನುಸೂಯಾಬಾಯಿ ಎಂಬ ಮುದುಕಿ ಇದ್ದಾಳೆ. ಎತ್ತಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಅಷ್ಟು ಸಣ್ಣ ಜೀವ. ಬೆಳ್ಳುಳ್ಳಿ ಕಾಯಿಸಿದ ಕುಸುಬಿ ಎಣ್ಣೆ ಹಚ್ಚಿ, ಮೇಲಿನ ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಹಿಮ್ಮಡಿಯಿಂದ ತುಳಿಯುವುದು ಆಕೆಯ ಪದ್ಧತಿ.

"ಬಾಳಾ, ಇದರ ಮ್ಯಾಲ ಯಾರದೋ ಕೈ ಬಿದ್ದದಲ್ಲ?" ಎಂದಳು ಮುದುಕಿ.

"ಯಾರದೂ ಇಲ್ಲ ಆಯಿ. ನಿಮ್ಮದೇ ಮೊದಲ ಕೈ" ಎಂದ ಕ್ರಿಸ್ತಪ್ಪ. ಹೇಳಿದ ಕೂಡಲೇ ಇನ್ನೊಂದು ಸಂಶಯ ಹುಟ್ಟಿತು. ಈಕೆಗೆ ಹೇಗೆ ಗೊತ್ತಾಯಿತು? ಪೈಲ್ವಾನ ಫೋನು ಮಾಡಿರಬೇಕು.

ಮುದುಕಿಯ ತಪಾಸಣೆಗಾಗಿ ಔರಾದ ದಾಟಿ ಚಿಂತಾಕಿಗೆ ಹೋದ. ಅಲ್ಲಿ ಗೋರಖನಾಥ ಎಂಬ ದೊಡ್ಡ ಮನುಷ್ಯ, ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದವನು. ನೊಗ ತಾಗಿ ಊದಿದ ಎತ್ತಿನ ಹೆಗಲಿಗೆ ಹಚ್ಚುವ ಟರ್ಪೆಂಟೈನ್ ಔಷಧವನ್ನು ಮನುಷ್ಯರಿಗೂ ಹಚ್ಚುತ್ತಿದ್ದ, ಪ್ರೀತಿಯಿಂದಲೇ. "ಎತ್ತು ಆದ್ರ ಇಷ್ಟೊತ್ತಿಗಿ ಒದಿತಿತ್ತು. ನೀವು ಭಾಳ ತಾಳ್ಮಿ ಮನುಷ್ಯರಿ" ಎಂದು ಹೊಗಳಿದ.

ಹೀಗೆ ಮೂರೂ ಊರಿನ ಕೈಗಳು, ಒಂದಕ್ಕೊಂದು ಗೊತ್ತಿಲ್ಲದೆ, ಸರದಿಯ ಮೇಲೆ ಆ ಒಂದು ಹೆಗಲನ್ನು ನಾದಿದವು. ಅಷ್ಟು ನಾದಿದ್ದರೆ ಜೋಳದ ಹಿಟ್ಟಿನಿಂದ ಪೂರಿ ಲಟ್ಟಿಸಬಹುದಿತ್ತು. ಹೆಲೆನಳಿಗೆ ಭಾಲ್ಕಿಯಲ್ಲಿ ಪ್ರಾರ್ಥನಾ ಕೂಟ, ಔರಾದದಲ್ಲಿ ಗೆಳೆಯನ ಮಗಳ ನಿಶ್ಚಿತಾರ್ಥ ಎಂಬ ಸಬೂಬುಗಳು ಹೋದವು. ಆ ನಿಶ್ಚಿತಾರ್ಥ ಎಷ್ಟು ಸಲ ನಡೆಯಿತೆಂದರೆ ಆ ಹುಡುಗಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಬೇಕಿತ್ತು.

ತಿಂಗಳು ಕಳೆಯುವುದರೊಳಗೆ ಹೆಗಲಿನ ಕೆಳಗೆ ಕಲ್ಲಿನಂಥದ್ದೇನೋ ಕೈಗೆ ಹತ್ತತೊಡಗಿತು. ಕೈ ಮೇಲೇಳಲೊಲ್ಲದು. ಹೆಲೆನ ಗದರಿಸಿ ಮತ್ತೆ ರುಖ್ಸಾರ ಮೇಡಮ್ಮರ ಹತ್ತಿರ ಕಳಿಸಿದಳು. ಎಕ್ಸ್‌ರೇ ತೆಗೆಯುವ ಅಖೀಲ ಹೊಸ ಫಿಲ್ಮು ತಂದುಕೊಟ್ಟ. ಡಾಕ್ಟರು ಅದನ್ನು ಬೆಳಕಿಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು.

"ಕಾಕಾ, ಇಲ್ಲಿ ನೋಡ್ರಿ. ಇದು ನಿಮ್ಮ ತೋಳಿನ ಎಲುಬು. ಇದು ಹೆಗಲಿಂದು. ಇದು..."

ಎರಡರ ಬದಿಗೆ, ಬರೀ ಮಾಂಸ ಇರಬೇಕಾದ ಕಡೆ, ಯಾರೋ ಹೂಕೋಸಿನ ತುಂಡು ಬಚ್ಚಿಟ್ಟ ಹಾಗೆ ಬಿಳಿಯ ಮೋಡವೊಂದು ಕೂತಿತ್ತು.

"ಇದು ಯಾರದು?" ಎಂದ ಕ್ರಿಸ್ತಪ್ಪ, ಗೇಟಿನಲ್ಲಿ ಚೀಲದೊಳಗೆ ಏನಾದರೂ ಸಿಕ್ಕಾಗ ಕೇಳುವ ದನಿಯಲ್ಲಿ.

"ನಿಮ್ಮದೇ. ಹೊಸ ಎಲುಬು. ಅಲ್ಲಿ ಬೆಳಿಬಾರದು, ಬೆಳಿಲತ್ತದ. ಖರೆ ಹೇಳ್ರಿ, ಮಾಲಿಶ್ ಮಾಡಸೀರೇನು?"

"ಇಲ್ರಿ ಮೇಡಮ್."

"ಯಾರರೆ ತಿಕ್ಕಿದ್ರು, ಎಳದ್ರು, ಒತ್ತಿದ್ರು?"

"ನೊಣ ಕುಂತರೂ ಹೊಡದೀನ್ರಿ."

ಡಾಕ್ಟರು ಮೆಲುದನಿಯಲ್ಲಿ ಕೇಳಿದ್ದೇ ಅವನನ್ನು ಕೆಡಿಸಿತು. ಕಳ್ಳನೆಂದು ಗೊತ್ತಾದವನನ್ನು ತಾನೂ ಗೇಟಿನಲ್ಲಿ ಹಾಗೆಯೇ, ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಾನಲ್ಲ! ಹೌದೆಂದರೆ ತಪ್ಪನ್ನೆಲ್ಲ ತನ್ನ ಹೆಗಲಿಗೇ ಹೊರಿಸಿ ಈಕೆ ಕೈ ತೊಳೆದುಕೊಳ್ಳುತ್ತಾಳೆ.

"ಮಾಲಿಶ್ ಇಲ್ಲಂದ್ರ ನಾ ಬ್ಯಾರೆ ವಿಚಾರ ಮಾಡಬೇಕಾಗ್ತದ" ಎಂದರು ಡಾಕ್ಟರು. "ಕೆಟ್ಟ ಗಂಟು ಇದ್ದರೂ ಇರಬಹುದು. ಸೋಮವಾರ ಸಣ್ಣ ಆಪರೇಶನ್ ಮಾಡಿ ಒಂದು ತುಣುಕು ತಗದು ಹೈದರಾಬಾದಿಗಿ ಪರೀಕ್ಷೆಗಿ ಕಳಸ್ತೀನಿ."

"ಕೆಟ್ಟದಿದ್ರ?"

"ಇದ್ರ... ಕೈ ಉಳಿಸೋದು ಕಷ್ಟ ಆಗ್ತದ ಕಾಕಾ."

ಕ್ರಿಸ್ತಪ್ಪ ಹೊರಗೆ ಬಂದು ನೇರವಾಗಿ ಅಖೀಲನ ಕೋಣೆಗೆ ನುಗ್ಗಿದ.

"ಈ ಫೋಟೊ ನಂದಲ್ಲ. ನನ್ನ ಮುಂದ ಒಬ್ಬ ದಪ್ಪನ್ನಾಂವ ಒಳಗ ಹೋಗಿದ್ದ. ಅವಂದು ಇದು."

"ಕಾಕಾ, ನಿಮ್ಮ ಹೆಸರೇ ಅದ ನೋಡ್ರಿ ಮ್ಯಾಲ."

"ಹೆಸರು ಯಾರರೆ ಬರೀತಾರ. ಮತ್ತ ತಗಿ."

ಕೊರಳಲ್ಲಿದ್ದ ಗೇಟಿನ ಸ್ಟೀಲಿನ ಸೀಟಿಯನ್ನು ಹೆಗಲಿನ ಪಕ್ಕಕ್ಕೆ ಎಳೆದು ಹಿಡಿದು ನಿಂತ. ಅಖೀಲ ಕೈಮುಗಿದ. "ಲೋಹ ತಗೀಬೇಕ್ರಿ ಕಾಕಾ."

"ಇದು ಇದ್ರೇ ನಂದು ಅಂತ ಗೊತ್ತಾಗ್ತದ. ಹೂಂ, ಒತ್ತು."

ಹೊಸ ಫಿಲ್ಮಿನಲ್ಲಿ ಸೀಟಿ ಸ್ಪಷ್ಟವಾಗಿ ಮೂಡಿತ್ತು, ಊದಿದರೆ ಕೂಗುವ ಹಾಗೆ. ಅದರ ಪಕ್ಕದಲ್ಲೇ ಹೂಕೋಸು.

"ಈಗ ಆಯ್ತೇನ್ರಿ?" ಎಂದ ಅಖೀಲ. ಕ್ರಿಸ್ತಪ್ಪ ಬೆಂಚಿನ ಮೇಲೆ ಕೂತುಬಿಟ್ಟ. ಊರಿನಲ್ಲಿ ಯಾರ ಜೇಬಿನಲ್ಲಿ ಏನಿದೆ ಎಂದು ಬಲ್ಲವನಿಗೆ ತನ್ನ ಚರ್ಮದೊಳಗೆ ಸರಕು ಬಂದು ಇಳಿದದ್ದು ತಿಳಿದಿರಲಿಲ್ಲ.

ಹೆದರಿದವನು ಸುಮ್ಮನೆ ಕೂತನೇ? ಸೋಮವಾರದೊಳಗೆ ಗಂಟನ್ನು ತಿಕ್ಕಿ ತಿಕ್ಕಿ ಕರಗಿಸಿಬಿಡಬೇಕೆಂದು ಮತ್ತೆ ಮೂರೂ ಕಡೆ ಓಡಿದ. ಅಲ್ಲಿಯೇ ಸಿಕ್ಕಿಬಿದ್ದ. ಸಂಶಯವೇನು ಒಬ್ಬರ ಸ್ವತ್ತಲ್ಲವಲ್ಲ. ಹೆಲೆನಳಿಗೂ ಕೆಲವು ದಿನಗಳಿಂದ ಮೂಗು ಚುರುಕಾಗಿತ್ತು. ಗಂಡನ ಅಂಗಿ ಒಂದು ದಿನ ಕರ್ಪೂರ ನಾರುತ್ತದೆ, ಇನ್ನೊಂದು ದಿನ ಬೆಳ್ಳುಳ್ಳಿ, ಮತ್ತೊಂದು ದಿನ ಬಣ್ಣದ ಅಂಗಡಿ. ಇಷ್ಟು ನಮೂನೆಯ ಅತ್ತರು ಹಚ್ಚುವ ಹೆಂಗಸು ಯಾರು? ಭಾಲ್ಕಿಯ ಚರ್ಚಿನವರಿಗೆ ಫೋನು ಮಾಡಿ ಕೇಳಿದಳು. "ಪ್ರಾರ್ಥನಾ ಕೂಟ? ಇತ್ತೀಚಿಗಿ ಯಾವುದೂ ನಡದಿಲ್ರಿ ಸಿಸ್ಟರ್" ಎಂದರು. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಮಕ್ಕಳನ್ನು ಜೀವಮಾನವೆಲ್ಲ ಹಿಡಿದವಳು ಆಕೆ. ಶನಿವಾರ ಗಂಡ ಭಾಲ್ಕಿಯ ಬಸ್ಸು ಹತ್ತಿದೊಡನೆ ಹಿಂದಿನ ಜೀಪು ಹತ್ತಿದಳು. ಎದುರಿಗೆ ಬಂದವರನ್ನೆಲ್ಲ ಸಂಶಯದಿಂದ ನೋಡುವ ಕ್ರಿಸ್ತಪ್ಪ ಒಮ್ಮೆಯೂ ಹಿಂದೆ ನೋಡಲಿಲ್ಲ.

ಭಾಲ್ಕಿಯ ಆ ಮನೆಯ ಕದವನ್ನು ಹೆಲೆನ ನೂಕಿದಾಗ ಕಂಡದ್ದಿಷ್ಟು. ಗಂಡ ಗೋಣಿತಟ್ಟಿನ ಮೇಲೆ ಬೋರಲಾಗಿ ಮಲಗಿದ್ದಾನೆ. ಅವನ ಹೆಗಲ ಮೇಲೆ, ಹಗ್ಗ ಹಿಡಿದುಕೊಂಡು, ಬೈಬಲಿನಲ್ಲಿ ಒಂಬೈನೂರು ವರ್ಷ ದಾಟಿ ಬದುಕಿದ ಮೆಥೂಸಲನಿಗೆ ಅಕ್ಕನಾಗಬಹುದಾದ ಮುದುಕಿಯೊಬ್ಬಳು ನಿಂತಿದ್ದಾಳೆ.

"ಪಾಳಿ ಹಚ್ಚು ಬಾಯಿ, ಹೊರಗ ಕುಂದರು" ಎಂದಳು ಅನುಸೂಯಾಬಾಯಿ ಇಳಿಯದೆಯೇ.

"ನಾ ಪಾಳಿದಾಕಿ ಅಲ್ಲ. ಇವರ ಹೆಂಡ್ತಿ."

ಕೆಳಗಿನಿಂದ ಒಂದು ನರಳಿಕೆ ಕೇಳಿತು. ಅದು ಹಿಮ್ಮಡಿಯಿಂದ ಬಂದದ್ದೋ ಹೆಂಡತಿಯಿಂದ ಬಂದದ್ದೋ ಹೇಳುವುದು ಕಷ್ಟ.

"ಪ್ರಾರ್ಥನಿ ಮುಗೀತೇನ್ರಿ?" ಎಂದಳು ಹೆಲೆನ.

"ಹೆಲೆನ, ಸಿಟ್ಟಾಗಬ್ಯಾಡ. ನೀ ತಿಳಕೊಂಡಂಗ ಇಲ್ಲ."

"ಬ್ಯಾರೆ ಹೆಂಗಸು ಅಂತ ತಿಳಕೊಂಡಿದ್ದೆ. ಅದಿದ್ರ ಬರೇ ಮನಿ ಹಾಳಾಗ್ತಿತ್ತು. ಇದು ಕೈ ಹಾಳು. ಏಳ್ರಿ ಮ್ಯಾಲ! ಅಮ್ಮಾ, ಮೊದಲ ನೀವು ಇಳೀರಿ."

ಅಂದೇ ಸಂಜೆ ಆಕೆ ಅವನನ್ನು ರುಖ್ಸಾರ ಮೇಡಮ್ಮರ ಮುಂದೆ ಕೂಡಿಸಿದಳು. ಎಣ್ಣೆ ಇನ್ನೂ ಕಾಲರಿನಿಂದ ಇಳಿಯುತ್ತಿತ್ತು.

"ಮಾಲಿಶ್ ಮಾಡಸೀನ್ರಿ ಮೇಡಮ್" ಎಂದ ಕ್ರಿಸ್ತಪ್ಪ ನೆಲ ನೋಡುತ್ತ. "ಒಂದೇ ಕಡಿ. ಒಂದೆರಡು ಸಲ."

"ಇದು ಬೆಳ್ಳೊಳ್ಳಿ" ಎಂದಳು ಹೆಲೆನ. "ಕರ್ಪೂರ ಯಾರದು?"

"...ಪೈಲ್ವಾನಂದು."

"ಮತ್ತ ಆ ಬಣ್ಣದ ಅಂಗಡಿ ವಾಸನಿ?"

"ಚಿಂತಾಕಿ ಗೋರಖನಾಥರದು. ದನದ ದವಾಖಾನಿಯವರು."

"ದನದ?" ಡಾಕ್ಟರು ಪೆನ್ನು ಕೆಳಗಿಟ್ಟರು.

"ರಿಟೈರ್ ಆಗ್ಯಾರ್ರಿ" ಎಂದ ಕ್ರಿಸ್ತಪ್ಪ, ಅದರಿಂದ ಏನಾದರೂ ಅನುಕೂಲವಾದೀತು ಎಂಬಂತೆ.

ನಗುತ್ತಾರೆ ಎಂದುಕೊಂಡಿದ್ದಳಂತೆ ಹೆಲೆನ. ಅವರು ನಗಲಿಲ್ಲ. ಎದ್ದು ಹೋಗಿ ಸೋಮವಾರದ ಆಪರೇಶನ್ ನಿಲ್ಲಿಸಲು ಹೇಳಿ ಬಂದರು.

"ಕಾಕಾ, ಕೇಳ್ರಿ. ಪೆಟ್ಟು ಬಿದ್ದಾಗ ಮಾಂಸದಾಗ ರಗತ ಹೆಪ್ಪುಗಟ್ಟಿರ್ತದ. ಅದಕ್ಕ ತಿಕ್ಕಿದ್ರ, ತುಳಿದ್ರ ಅದು ಕರಗಂಗಿಲ್ಲ, ಕೆರಳಿ ಎಲುಬು ಆಗಬಹುದು. ಈಗ ನಿಮ್ಮದು ಹಸಿ ಅದ. ಹಸಿ ಇದ್ದಾಗ ತುಣುಕು ತಗದು ನೋಡಿದ್ರ ಕೆಟ್ಟ ಗಂಟಿನಂಗೇ ಕಾಣ್ತದ. ನೀವು ಇಲ್ಲ ಅಂದಿದ್ದು ನಾ ನಂಬಿದ್ದೆ. ಹೈದರಾಬಾದಿನಾಗ ನೋಡಿದವರು ಮೋಸ ಹೋಗಿದ್ರ ನಿಮ್ಮ ಕೈ ಹೋಗ್ತಿತ್ತು."

"ಅಂದ್ರ ಇದು ಕೆಟ್ಟದ್ದಲ್ಲೇನ್ರಿ?"

"ಇನ್ನಾ ಹೇಳಲಿಕ್ಕೆ ಬರಂಗಿಲ್ಲ. ಮಾಲಿಶಿನ ಎಲುಬಿದ್ರ ಅದರ ಹೊರಗಿನ ಅಂಚು ಮೊದಲು ಗಟ್ಟಿ ಆಗ್ತದ, ತತ್ತಿ ಸಿಪ್ಪಿಯಂಗ. ಮುಂದಿನ ತಿಂಗಳು ಫಿಲ್ಮ್ ತಗದ್ರ ತಿಳಿತದ."

"ಅಲ್ಲಿತನ ಏನ್ ಮಾಡಬೇಕ್ರಿ?"

"ಏನೂ ಮಾಡಬಾರದು. ಯಾರೂ ಮುಟ್ಟಬಾರದು."

ಏನೂ ಮಾಡದೆ ಕೂಡುವುದು ಸುಲಭ ಎಂದುಕೊಂಡವರು ಆ ತಿಂಗಳು ಕ್ರಿಸ್ತಪ್ಪನನ್ನು ನೋಡಬೇಕಿತ್ತು. ಆತ ರಜೆ ಹಾಕಿ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ತನ್ನ ಹೆಗಲನ್ನು ತಾನೇ ಕಾಯ್ದ. ಬೇವಿನ ಎಲೆ ಬಿದ್ದರೆ "ಯಾರು?" ಎನ್ನುತ್ತಿದ್ದ. ಭಾನುವಾರ ಚರ್ಚು ಬಿಟ್ಟಾಗ ಜನ ಪ್ರೀತಿಯಿಂದ ಹೆಗಲು ತಟ್ಟುತ್ತಾರಲ್ಲ, ಅದಕ್ಕೆ ಹೆದರಿ ಕೊನೆಯ ಗೀತೆ ಆಮೆನ್ ಮುಟ್ಟುವ ಮೊದಲೇ ಮನೆ ಮುಟ್ಟಿರುತ್ತಿದ್ದ. ಸಲಾವೋದ್ದೀನ ಒಂದು ದಿನ ಬಾಗಿಲಿಗೇ ಬಂದ.

"ಕ್ರಿಸ್ತಪ್ಪ ಭಾಯಿ, ಕಾಣ್ಲೇ ಇಲ್ಲಲ್ಲ! ನರ ಅರ್ಧ ಇಳದದ, ಅರ್ಧ ಅಲ್ಲೇ ನೇತಾಡ್ಲತ್ತದ. ಹಂಗ ಬಿಡಬಾರದ್ರಿ."

"ನೇತಾಡ್ಲಿ ಬಿಡ್ರಿ" ಎಂದಳು ಹೆಲೆನ ಒಳಗಿನಿಂದ. "ಚಾ ಕುಡೀರಿ. ಕೈ ನಿಮ್ಮ ಹತ್ರ ಇಟಗೊಳ್ರಿ."

ಪೈಲ್ವಾನ ಹೋದ. ಮಾತು ಉಳಿಯಿತು. ಅರ್ಧ ಇಳಿದು ಅರ್ಧ ನೇತಾಡುವ ನರ ಕ್ರಿಸ್ತಪ್ಪನ ಕನಸಿನಲ್ಲೆಲ್ಲ ನೇತಾಡಿತು. ಡಾಕ್ಟರೇ ಏಕೆ ಸುಳ್ಳು ಹೇಳುತ್ತಿರಬಾರದು? ಗಂಟು ಕೆಟ್ಟದ್ದೇ ಆಗಿದ್ದು, ಸುಮ್ಮನೆ ಕೂಡಿಸಿ ಬೆಳೆಯಲು ಬಿಡುತ್ತಿದ್ದರೆ? ಹೆಲೆನ ಸಾಲೆಗೆ ಹೋದ ಒಂದು ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದು, ಚಿಂತಾಕಿಗೆ ಹೋಗಲೆಂದು ಔರಾದದ ಬಸ್ಸಿನಲ್ಲಿ ಕೂತೇಬಿಟ್ಟ.

ಬಸ್ಸು ಬಿಡುವುದು ತಡವಾಯಿತು. ಕೂತಲ್ಲೇ ಆತ ರೂಢಿಯಂತೆ ಲೆಕ್ಕ ಹಾಕತೊಡಗಿದ. ಗೇಟಿನಲ್ಲಿ ಅವನ ಕಸುಬೇ ಅದು: ಈ ಮನುಷ್ಯ ಸುಳ್ಳು ಹೇಳಿದರೆ ಇವನಿಗೇನು ಸಿಗುತ್ತದೆ ಎಂದು ಮೊದಲು ನೋಡುವುದು. ರುಖ್ಸಾರ ಮೇಡಮ್ಮಿಗೆ ಏನು ಸಿಗುತ್ತದೆ? ಸೂಜಿ ಹಾಕಲಿಲ್ಲ, ಟಾನಿಕ್ ಬರೆಯಲಿಲ್ಲ, ಮಾಡಬಹುದಾಗಿದ್ದ ಆಪರೇಶನ್ನನ್ನೂ ತಾವಾಗಿ ಬಿಟ್ಟರು. ಹಿಂದುಮುಂದೆ ತಿರುವಿ ತಡಕಿದ. ಎಲ್ಲಿಯೂ ಏನೂ ಸಿಗಲಿಲ್ಲ. ಉಪ್ಪಿನಕಾಯಿ ಹೋಳಿನ ಕೆಳಗೂ ಖಾಲಿ.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ಎಲ್ಲಿಗೂ ಇಲ್ಲ" ಎಂದು ಕ್ರಿಸ್ತಪ್ಪ ಎದ್ದ. ತನ್ನ ಕಾಲಿನಿಂದ ತಾನೇ ಇಳಿದು ಮನೆಗೆ ಬಂದು ಕುರ್ಚಿಯಲ್ಲಿ ಕೂತ. ಕಂಡಕ್ಟರನಿಗೆ ಆತನ ಮೇಲೆ ಸಂಶಯ ಬಂದು ಸೀಟಿನ ಕೆಳಗೆ ಬಗ್ಗಿ ನೋಡಿದನಂತೆ.

ಮುಂದಿನ ತಿಂಗಳ ಫಿಲ್ಮನ್ನು ಡಾಕ್ಟರು ಬೆಳಕಿಗೆ ಹಚ್ಚಿದಾಗ ಗಂಡಹೆಂಡತಿ ಇಬ್ಬರೂ ಕತ್ತು ಚಾಚಿ ನೋಡಿದರು. ಮೋಡ ಹೋಗಿರಲಿಲ್ಲ. ಆದರೆ ಅದರ ಸುತ್ತ ಚೂಪು ಪೆನ್ಸಿಲಿನಿಂದ ಬರೆದಂತೆ ಬಿಳಿಯ ಗೆರೆ ಮೂಡಿತ್ತು. ನಡುವೆ ಮಸುಕು, ಅಂಚು ಗಟ್ಟಿ.

"ಸಿಪ್ಪಿ ಕಟ್ಟ್ಯಾದ" ಎಂದರು ರುಖ್ಸಾರ. ಅಂದು ಮೊದಲ ಸಲ ನಕ್ಕರು. "ಕೆಟ್ಟದ್ದಲ್ಲ ಕಾಕಾ. ಮಾಲಿಶಿಂದೇ. ಕೈ ಎಲ್ಲೂ ಹೋಗಂಗಿಲ್ಲ."

ಹೆಲೆನ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕ್ರಿಸ್ತಪ್ಪ ಎದ್ದು ಫಿಲ್ಮಿನ ಹತ್ತಿರ ಹೋಗಿ ಆ ಗೆರೆಯನ್ನು ಸುತ್ತಲೂ, ಎಲ್ಲಿಯಾದರೂ ತೂತು ಇದೆಯೇ ಎಂದು, ಬೇಲಿ ನೋಡುವವನ ಹಾಗೆ ನೋಡಿದ. ಆಮೇಲೆ ಬಲಗೈಯನ್ನು ಮೆಲ್ಲಗೆ ಎತ್ತಿದ. ಎದೆಯ ಮಟ್ಟಕ್ಕೆ ಬಂತು, ಹೆಗಲ ಮಟ್ಟಕ್ಕೆ ಬಂತು, ಅಲ್ಲಿ ಹೊಸ ಎಲುಬು ಅಡ್ಡ ನಿಂತು ತಡೆಯಿತು.

"ಇಷ್ಟೇ ಏನ್ರಿ?"

"ಸದ್ಯ ಇಷ್ಟೇ. ಪೂರ್ತಿ ಬಲಿತ ಮ್ಯಾಲ ಭಾಳ ತ್ರಾಸ ಕೊಟ್ರ ತಗೀಬಹುದು. ಕೊಡದಿದ್ರ ಇರ್ಲಿ."

"ಇರ್ಲಿ" ಎಂದ ಕ್ರಿಸ್ತಪ್ಪ.

ಈಗ ಆತ ಮತ್ತೆ ಕೊಳಾರದ ಗೇಟಿನಲ್ಲಿದ್ದಾನೆ. ಗಿಡ್ಡ ಆಳುಗಳನ್ನು ಬಲಗೈಯಿಂದಲೂ ಎತ್ತರದವರನ್ನು ಎಡಗೈಯಿಂದಲೂ ತಪಾಸಣೆ ಮಾಡುತ್ತಾನೆ. ಬಲಗೈ ತಲೆಯವರೆಗೆ ಹೋಗದ ಕಾರಣ, ಬೆಳಿಗ್ಗೆ ಸಾಲೆಗೆ ಹೊರಡುವ ಮೊದಲು ಹೆಲೆನಳೇ ಬಾಗಿಲಲ್ಲಿ ನಿಲ್ಲಿಸಿಕೊಂಡು ಅವನ ತಲೆ ಬಾಚುತ್ತಾಳೆ. ಓಣಿಯವರೆಲ್ಲ ಅದನ್ನು ನೋಡಿಯೇ ಹಲ್ಲುಜ್ಜುವುದು.

"ಬೈತಲಿ ಎಡಕ್ಕ ತಗದಿಯೋ ಬಲಕ್ಕೋ?" ಎನ್ನುತ್ತಾನೆ ಕ್ರಿಸ್ತಪ್ಪ.

"ಎಡಕ್ಕೇ ತಗದೀನ್ರಿ."

"ಕನ್ನಡಿ ತಾ."

"ಸಾಲಿಗಿ ಹೊತ್ತಾಗ್ಲತ್ತದ. ಸುಮ್ನ ನಿಂದರ್ರಿ."

ಆತ ಸುಮ್ಮನೆ ನಿಲ್ಲುತ್ತಾನೆ. ಕನ್ನಡಿ ಬರುವುದಿಲ್ಲ.